ಅಮೆರಿಕನ್ ಫುಟ್‌ಬಾಲ್‌ನಲ್ಲಿ ರನ್ನಿಂಗ್ ಬ್ಯಾಕ್ ಆಟಗಾರರ ಶ್ರೇಷ್ಠ ಋತುಗಳು

ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಚೆಂಡನ್ನು ಹಿಡಿದು ಎದುರಾಳಿಗಳ ನಡುವೆ ನುಗ್ಗಿ ಓಡುವುದನ್ನೇ ಮುಖ್ಯ ಕೆಲಸವಾಗಿ ಉಳ್ಳ ಆಟಗಾರನನ್ನು ರನ್ನಿಂಗ್ ಬ್ಯಾಕ್ ಎಂದು ಕರೆಯುತ್ತಾರೆ. ಆತ ಓಡಿ ಗಳಿಸಿದ ದೂರವನ್ನು ಗಜಗಳಲ್ಲಿ ಅಳೆಯಲಾಗುತ್ತದೆ. ನ್ಯಾಷನಲ್ ಫುಟ್‌ಬಾಲ್ ಲೀಗ್‌ನ (ಎನ್‌ಎಫ್‌ಎಲ್) ಇತಿಹಾಸದಲ್ಲಿ 2024ರ ಋತುವಿನ ಅಂತ್ಯದವರೆಗೆ ಒಂದೇ ಋತುವಿನಲ್ಲಿ 2,000 ಗಜಗಳನ್ನು ದಾಟಿದವರು ಒಂಬತ್ತು ಮಂದಿ ಮಾತ್ರ. ಅವರಲ್ಲಿ ಯಾರೂ ಈ ಸಾಧನೆಯನ್ನು ಎರಡನೆಯ ಬಾರಿ ಮಾಡಿಲ್ಲ. 1984ರಲ್ಲಿ ಎರಿಕ್ ಡಿಕರ್ಸನ್ ಗಳಿಸಿದ 2,105 ಗಜಗಳು ಇಂದಿಗೂ ದಾಖಲೆಯಾಗಿವೆ. 2024ರಲ್ಲಿ ಸಾಕ್ವಾನ್ ಬಾರ್ಕ್ಲಿ ಆ ದಾಖಲೆಯ ಸಮೀಪಕ್ಕೆ ಬಂದು ಕೊನೆಯ ಪಂದ್ಯದಲ್ಲಿ ಆಡದೆ ಉಳಿದುದು, ಇಂತಹ ಋತುಗಳನ್ನು ಯಾವ ಅಳತೆಗೋಲಿನಿಂದ ಹೋಲಿಸಬೇಕು ಎಂಬ ಹಳೆಯ ಪ್ರಶ್ನೆಯನ್ನು ಮತ್ತೆ ಮುಂದಕ್ಕೆ ತಂದಿತು.

2,000 ಗಜ ದಾಟಿದ ಋತುಗಳು

- ಎರಿಕ್ ಡಿಕರ್ಸನ್ (ಲಾಸ್ ಏಂಜಲೀಸ್ ರ‍್ಯಾಮ್ಸ್, 1984) – 2,105
- ಏಡ್ರಿಯನ್ ಪೀಟರ್ಸನ್ (ಮಿನ್ನೆಸೋಟ ವೈಕಿಂಗ್ಸ್, 2012) – 2,097
- ಜಮಾಲ್ ಲೂಯಿಸ್ (ಬಾಲ್ಟಿಮೋರ್ ರೇವನ್ಸ್, 2003) – 2,066
- ಬ್ಯಾರಿ ಸ್ಯಾಂಡರ್ಸ್ (ಡೆಟ್ರಾಯಿಟ್ ಲಯನ್ಸ್, 1997) – 2,053
- ಡೆರಿಕ್ ಹೆನ್ರಿ (ಟೆನ್ನೆಸ್ಸೀ ಟೈಟನ್ಸ್, 2020) – 2,027
- ಟೆರೆಲ್ ಡೇವಿಸ್ (ಡೆನ್ವರ್ ಬ್ರಾಂಕೋಸ್, 1998) – 2,008
- ಕ್ರಿಸ್ ಜಾನ್ಸನ್ (ಟೆನ್ನೆಸ್ಸೀ ಟೈಟನ್ಸ್, 2009) – 2,006
- ಸಾಕ್ವಾನ್ ಬಾರ್ಕ್ಲಿ (ಫಿಲಡೆಲ್ಫಿಯಾ ಈಗಲ್ಸ್, 2024) – 2,005
- ಒ. ಜೆ. ಸಿಂಪ್ಸನ್ (ಬಫಲೋ ಬಿಲ್ಸ್, 1973) – 2,003

ಪಂದ್ಯಗಳ ಸಂಖ್ಯೆ

ಒಟ್ಟು ಗಜಗಳನ್ನಷ್ಟೇ ನೋಡಿದರೆ ಸಿಂಪ್ಸನ್ ಪಟ್ಟಿಯ ಕೊನೆಯಲ್ಲಿದ್ದಾರೆ. ಆದರೆ ಒಂದು ಋತುವಿನಲ್ಲಿ ಪ್ರತಿ ತಂಡ ಆಡುವ ಪಂದ್ಯಗಳ ಸಂಖ್ಯೆ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲ. 1961ರಲ್ಲಿ ಅದು 12ರಿಂದ 14ಕ್ಕೂ, 1978ರಲ್ಲಿ 16ಕ್ಕೂ, 2021ರಲ್ಲಿ 17ಕ್ಕೂ ಏರಿತು. ಸಿಂಪ್ಸನ್ 2,003 ಗಜಗಳನ್ನು ಕೇವಲ 14 ಪಂದ್ಯಗಳಲ್ಲಿ ಗಳಿಸಿದರು. ಪ್ರತಿ ಪಂದ್ಯಕ್ಕೆ 143.1 ಗಜಗಳ ಈ ಸರಾಸರಿಯನ್ನು ಇದುವರೆಗೆ ಯಾರೂ ಮೀರಿಲ್ಲ. ಡಿಕರ್ಸನ್ 14 ಪಂದ್ಯಗಳು ಮುಗಿದಾಗ 1,792 ಗಜಗಳಲ್ಲಿದ್ದರು. 15ನೆಯ ಪಂದ್ಯದಲ್ಲಿ 215 ಗಜ ಓಡಿ ಅವರು ಸಿಂಪ್ಸನ್ನರ ದಾಖಲೆಯನ್ನು ದಾಟಿದರು. ಡಿಕರ್ಸನ್ನರ ಸರಾಸರಿ 131.6, 16 ಪಂದ್ಯಗಳಲ್ಲಿ ಆಡಿದ ಬಾರ್ಕ್ಲಿಯವರದು 125.3.

ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಜಿಮ್ ಬ್ರೌನ್ 2,000 ಗಜಗಳ ಪಟ್ಟಿಯಲ್ಲಿಯೇ ಇಲ್ಲ. ಆದರೂ 1963ರಲ್ಲಿ 14 ಪಂದ್ಯಗಳಲ್ಲಿ ಅವರು ಗಳಿಸಿದ 1,863 ಗಜಗಳ ಸರಾಸರಿ (133.1) ಡಿಕರ್ಸನ್ನರದಕ್ಕಿಂತ ಹೆಚ್ಚಿನದು. ಆ ಋತುವಿನಲ್ಲಿ ಅವರು ಪ್ರತಿ ಓಟಕ್ಕೆ 6.4 ಗಜಗಳಂತೆ ಮುನ್ನಡೆದರು. ಒಂಬತ್ತು ಮಂದಿಯಲ್ಲಿ ಯಾರೂ ಆ ಮಟ್ಟವನ್ನು ಮುಟ್ಟಿಲ್ಲ.

ಸಮಕಾಲೀನರೊಂದಿಗೆ ಹೋಲಿಕೆ

ಬೇರೆ ಬೇರೆ ಕಾಲದ ಆಟಗಾರರನ್ನು ನೇರವಾಗಿ ಹೋಲಿಸುವ ಬದಲು, ಆಯಾ ಋತುವಿನಲ್ಲಿ ಎರಡನೆಯ ಸ್ಥಾನ ಪಡೆದವರೊಂದಿಗೆ ಹೋಲಿಸುವುದು ಇನ್ನೊಂದು ವಿಧಾನ. 1963ರಲ್ಲಿ ಬ್ರೌನ್ ಅವರ ನಂತರದ ಸ್ಥಾನದಲ್ಲಿದ್ದ ಜಿಮ್ ಟೇಲರ್ ಗಳಿಸಿದ್ದು 1,018 ಗಜ, ಅಂತರ 845. 1973ರಲ್ಲಿ ಸಿಂಪ್ಸನ್ ಮತ್ತು ಜಾನ್ ಬ್ರಾಕಿಂಗ್‌ಟನ್ (1,144) ನಡುವಿನ ಅಂತರ 859. 1984ರಲ್ಲಿ ವಾಲ್ಟರ್ ಪೇಟನ್ (1,684) ಡಿಕರ್ಸನ್ನರಿಗಿಂತ 421 ಗಜ ಹಿಂದಿದ್ದರು. 2024ರಲ್ಲಿ ಬಾರ್ಕ್ಲಿ ಹಾಗೂ ಡೆರಿಕ್ ಹೆನ್ರಿ (1,921) ನಡುವೆ ಇದ್ದುದು 84 ಗಜ ಮಾತ್ರ. ಈ ಮಾನದಂಡದಲ್ಲಿ ಬ್ರೌನ್ ಮತ್ತು ಸಿಂಪ್ಸನ್ ಉಳಿದವರಿಗಿಂತ ಬಹಳ ಮುಂದಿದ್ದಾರೆ. ಆದರೆ ಎರಡನೆಯ ಸ್ಥಾನದ ಆಟಗಾರ ಎಷ್ಟು ಸಮರ್ಥ ಎಂಬುದೂ ಅಂತರವನ್ನು ನಿರ್ಧರಿಸುತ್ತದೆ. ಹೆನ್ರಿ ಸ್ವತಃ ಒಂಬತ್ತು ಮಂದಿಯಲ್ಲೊಬ್ಬರು ಎಂಬುದು ಬಾರ್ಕ್ಲಿಯವರ ಸಾಧನೆಯನ್ನು ಕಿರಿದುಗೊಳಿಸುವುದಿಲ್ಲ.

ಓಟದಾಚೆಗಿನ ಕೊಡುಗೆ

ರನ್ನಿಂಗ್ ಬ್ಯಾಕ್ ಪಾಸ್‌ಗಳನ್ನೂ ಹಿಡಿಯುತ್ತಾನೆ, ಟಚ್‌ಡೌನ್‌ಗಳನ್ನೂ ಗಳಿಸುತ್ತಾನೆ. 2009ರಲ್ಲಿ ಜಾನ್ಸನ್ ಓಟ ಮತ್ತು ಪಾಸ್‌ಗಳೆರಡನ್ನೂ ಸೇರಿಸಿ 2,509 ಗಜಗಳ ದಾಖಲೆ ಸ್ಥಾಪಿಸಿದರು. ಸ್ಯಾನ್ ಡಿಯೇಗೊ ಚಾರ್ಜರ್ಸ್ ತಂಡದ ಲಡೇನಿಯನ್ ಟಾಮ್ಲಿನ್‌ಸನ್ 2006ರಲ್ಲಿ ಓಡಿದ್ದು 1,815 ಗಜಗಳಷ್ಟೇ. ಆದರೆ 31 ಟಚ್‌ಡೌನ್‌ಗಳೊಂದಿಗೆ 186 ಅಂಕಗಳನ್ನು ತಂದುಕೊಟ್ಟರು. ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡದ ಮಾರ್ಷಲ್ ಫಾಕ್ 1999ರಲ್ಲಿ ಓಟ ಹಾಗೂ ಪಾಸ್ ಎರಡರಲ್ಲಿಯೂ ಸಾವಿರ ಗಜಗಳನ್ನು ದಾಟಿದರು. ಗಜಗಳ ಪಟ್ಟಿ ಮಾತ್ರ ಮುಂದಿದ್ದರೆ ಇಂತಹ ಋತುಗಳು ಕಣ್ಣಿಗೆ ಬೀಳುವುದಿಲ್ಲ.

ತಂಡದ ಗೆಲುವು

ಒಬ್ಬ ಆಟಗಾರನ ಅಸಾಮಾನ್ಯ ಋತು ತಂಡಕ್ಕೆ ಗೆಲುವನ್ನು ತರುತ್ತದೆ ಎಂಬ ನಂಬಿಕೆಯನ್ನು ದಾಖಲೆಗಳು ಸಮರ್ಥಿಸುವುದಿಲ್ಲ. ಒಂಬತ್ತು ಮಂದಿಯಲ್ಲಿ ಅದೇ ಋತುವಿನ ಸೂಪರ್ ಬೌಲ್ ಗೆದ್ದವರು ಡೇವಿಸ್ ಮತ್ತು ಬಾರ್ಕ್ಲಿ ಇಬ್ಬರೇ. ಸಿಂಪ್ಸನ್ 1973ರಲ್ಲಿಯೂ, ಜಾನ್ಸನ್ 2009ರಲ್ಲಿಯೂ ತಮ್ಮ ತಂಡಗಳನ್ನು ಪ್ಲೇಆಫ್‌ಗೆ ಒಯ್ಯಲಾಗಲಿಲ್ಲ. ಉಳಿದ ಐವರ ತಂಡಗಳು ಪ್ಲೇಆಫ್‌ನ ಮೊದಲ ಪಂದ್ಯದಲ್ಲಿಯೇ ಸೋತವು. 1978ರ ನಂತರ ನಿಯಮಗಳು ಪಾಸ್ ಆಟಕ್ಕೆ ಅನುಕೂಲಕರವಾಗಿ ಬದಲಾದುದರಿಂದ ಕ್ವಾರ್ಟರ್‌ಬ್ಯಾಕ್‌ನ ಮಹತ್ವ ಹೆಚ್ಚುತ್ತ ಹೋಯಿತು. 2012ರಲ್ಲಿ ಪೀಟರ್ಸನ್ ಪಡೆದ ಬಳಿಕ 2024ರವರೆಗೆ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ ಪ್ರತಿವರ್ಷವೂ ಕ್ವಾರ್ಟರ್‌ಬ್ಯಾಕ್‌ಗಳಿಗೇ ಸಂದಿದೆ.

ದೇಹದ ಮೇಲಿನ ಹೊರೆ

ಇಂತಹ ಋತುವಿಗೆ ಮುನ್ನೂರಕ್ಕೂ ಹೆಚ್ಚು ಬಾರಿ ಚೆಂಡು ಹೊತ್ತು ಓಡಬೇಕಾಗುತ್ತದೆ. ಬಹುತೇಕ ಪ್ರತಿ ಓಟವೂ ಎದುರಾಳಿಗಳು ಕೆಡಹುವುದರೊಂದಿಗೆ ಮುಗಿಯುತ್ತದೆ. ಪೀಟರ್ಸನ್ 2011ರ ಡಿಸೆಂಬರ್‌ನಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು, ಮರುವರ್ಷವೇ ದಾಖಲೆಗೆ ಎಂಟು ಗಜಗಳಷ್ಟು ಸಮೀಪಕ್ಕೆ ಬಂದದ್ದು ಅಪವಾದವೆನ್ನಬೇಕು. ಡೇವಿಸ್ 1998ರಲ್ಲಿ 392 ಬಾರಿ ಓಡಿದರು. 1999ರ ನಾಲ್ಕನೆಯ ಪಂದ್ಯದಲ್ಲಿ ಮೊಣಕಾಲಿಗೆ ಆದ ಗಾಯದಿಂದ ಅವರು ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಲೂಯಿಸ್ 2003ರ ಮರುವರ್ಷ ಗಳಿಸಿದ್ದು 1,006 ಗಜ. ಹೆನ್ರಿ 2021ರಲ್ಲಿ ಎಂಟು ಪಂದ್ಯಗಳ ಬಳಿಕ ಪಾದದ ಗಾಯದಿಂದ ಹೊರಗುಳಿದರು. ಸ್ಯಾಂಡರ್ಸ್ ಗಾಯಗೊಳ್ಳದೆ, 1999ರ ಋತು ಆರಂಭವಾಗುವ ಮೊದಲೇ ನಿವೃತ್ತಿ ಘೋಷಿಸಿದರು.

ಬಾರ್ಕ್ಲಿಯವರ ಋತು

ಗಾಯದ ಈ ಭಯವೇ ರನ್ನಿಂಗ್ ಬ್ಯಾಕ್ ಆಟಗಾರರ ವೇತನವನ್ನು ತಗ್ಗಿಸಿದ ಕಾರಣಗಳಲ್ಲೊಂದು. 2023ರಲ್ಲಿ ಬಾರ್ಕ್ಲಿಯವರೂ ಸೇರಿದಂತೆ ಮೂವರು ಪ್ರಮುಖ ಆಟಗಾರರಿಗೆ ದೀರ್ಘಾವಧಿಯ ಒಪ್ಪಂದ ದೊರೆಯಲಿಲ್ಲ. ತಂಡಗಳು ‘ಫ್ರಾಂಚೈಸ್ ಟ್ಯಾಗ್’ ನಿಯಮದಡಿ ಅವರನ್ನು ಒಂದು ವರ್ಷದ ಮಟ್ಟಿಗೆ ಉಳಿಸಿಕೊಂಡವು. 2024ರ ಮಾರ್ಚ್‌ನಲ್ಲಿ ಬಾರ್ಕ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ತೊರೆದು, ಬಲಿಷ್ಠ ಮುಂಚೂಣಿ ಆಟಗಾರರನ್ನು ಹೊಂದಿದ್ದ ಈಗಲ್ಸ್ ಸೇರಿದರು. ದಾಖಲೆ ಮುರಿಯಲು 101 ಗಜ ಬೇಕಿದ್ದಾಗ, ಹಳೆಯ ತಂಡವಾದ ಜೈಂಟ್ಸ್ ವಿರುದ್ಧದ ಕೊನೆಯ ಪಂದ್ಯದಲ್ಲಿ ತರಬೇತುದಾರ ನಿಕ್ ಸಿರಿಯಾನಿ ಪ್ಲೇಆಫ್‌ ದೃಷ್ಟಿಯಿಂದ ಅವರಿಗೆ ವಿಶ್ರಾಂತಿ ನೀಡಿದರು. ದಾಖಲೆ ಉಳಿಯಿತು, ಈಗಲ್ಸ್ ಸೂಪರ್ ಬೌಲ್ ಗೆದ್ದಿತು. ಪ್ಲೇಆಫ್‌ ಸೇರಿಸಿ ಬಾರ್ಕ್ಲಿ ಗಳಿಸಿದ 2,504 ಗಜಗಳು 1998ರಲ್ಲಿ ಡೇವಿಸ್ ಗಳಿಸಿದ್ದ 2,476 ಗಜಗಳನ್ನು ಮೀರಿದವು. ಪ್ಲೇಆಫ್‌ನ ಗಜಗಳನ್ನು ಋತುವಿನ ಅಧಿಕೃತ ಲೆಕ್ಕಕ್ಕೆ ಸೇರಿಸದ ಕಾರಣ ಮೊದಲ ಸ್ಥಾನದಲ್ಲಿ ಡಿಕರ್ಸನ್ನರ ಹೆಸರೇ ಇದೆ. 2025ರ ಮಾರ್ಚ್‌ನಲ್ಲಿ ಆದ ಹೊಸ ಒಪ್ಪಂದದಿಂದ ಬಾರ್ಕ್ಲಿ ವರ್ಷಕ್ಕೆ ಸರಾಸರಿ 2 ಕೋಟಿ ಡಾಲರ್‌ಗಿಂತ ಹೆಚ್ಚು ವೇತನ ಪಡೆಯುವ ಮೊದಲ ರನ್ನಿಂಗ್ ಬ್ಯಾಕ್ ಆದರು.