ಅಳತೆಯಲ್ಲಿ ಸತ್ಯ

ಕೆಲವು ತಿಂಗಳುಗಳ ಹಿಂದೆ ಪೋಷಕರೊಬ್ಬರು ನನ್ನ ಕೊಠಡಿಗೆ ಬಂದು, "ಅಮ್ಮನವರೇ, ಲೋಲಕದ ಪ್ರಯೋಗದಲ್ಲಿ ನನ್ನ ಮಗಳಿಗೆ ಸರಿಯಾದ ಉತ್ತರವೇ ಬಂದಿದೆಯಲ್ಲ, ಅಂಕಗಳನ್ನು ಕಡಮೆ ಮಾಡಿದ್ದೇಕೆ?" ಎಂದು ಕೇಳಿದರು. ಪ್ರಯೋಗದ ಪುಸ್ತಕವನ್ನು ತರಿಸಿ ಇಬ್ಬರೂ ನೋಡಿದೆವು. ಗುರುತ್ವ ವೇಗೋತ್ಕರ್ಷವು 9.8 ಎಂದು ಅಂದವಾಗಿ ಬರೆದಿತ್ತು. ಆದರೆ ಬಾಲಿಕೆಯೇ ಮೇಲೆ ಬರೆದಿದ್ದ ಕಾಲದ ಅಂಕೆಗಳಿಂದ ಲೆಕ್ಕ ಮಾಡಿದರೆ 9.3 ಮಾತ್ರ ಬರುತ್ತಿತ್ತು. ಅವಳ ನೆರೆಯವಳು 9.3 ಎಂದೇ ಬರೆದು, ಗಿಡ್ಡ ದಾರವನ್ನು ಗುಂಡಿನ ಮಧ್ಯದವರೆಗೆ ಅಳೆಯದೆ ಬಿಟ್ಟದ್ದು ತರುವಾಯ ತಿಳಿಯಿತೆಂದು ಕೆಳಗೆ ಒಪ್ಪಿಕೊಂಡಿದ್ದಳು. ಪೂರ್ಣ ಅಂಕಗಳು ಅವಳಿಗೆ ಸಂದಿದ್ದವು.

ಆ ಪೋಷಕರು ಸಮಾಧಾನ ಹೊಂದಿ ಹಿಂತಿರುಗಿದರೆಂದು ಹೇಳಲಾರೆ. ಆದಕಾರಣ ಅಂದು ಪೂರ್ತಿಯಾಗಿ ಹೇಳಲಾಗದ ಮಾತನ್ನು ಈ ಸ್ಮರಣ ಸಂಚಿಕೆಯ ಮೂಲಕ ಎಲ್ಲರ ಮುಂದಿಡಲು ಅಪೇಕ್ಷಿಸುತ್ತೇನೆ.

ಲೋಕದಲ್ಲಿ ಅತಿಸೂಕ್ಷ್ಮವಾದ ಅಳತೆಗಳನ್ನು ಮಾಡುವವರು ತಪ್ಪಿದ ಅಳತೆಯನ್ನು ಹೇಗೆ ಕಾಣುತ್ತಾರೆಂಬುದಕ್ಕೆ ಒಂದು ನಿದರ್ಶನವುಂಟು. ರುಬೀಡಿಯಂ ಎಂಬ ಧಾತುವಿನ ಪರಮಾಣುಗಳು ನಮ್ಮ ಕೊಠಡಿಯ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 300 ಮೀಟರ್ ವೇಗದಿಂದ ಓಡಾಡುತ್ತವೆ. ಲೇಸರ್ ಬೆಳಕಿನಿಂದ ಅವುಗಳ ಓಟವನ್ನು ತಗ್ಗಿಸಿ, ಕಾಂತಕ್ಷೇತ್ರದಲ್ಲಿ ಹಿಡಿದಿಟ್ಟು, ಬಿಸಿ ಹಾಲಿನಿಂದ ಆವಿ ಹೋಗುವಂತೆ ಚುರುಕಾದವುಗಳನ್ನು ಹೊರಗೆ ಬಿಟ್ಟರೆ, ಉಳಿದವು ನಿರಪೇಕ್ಷ ಶೂನ್ಯಕ್ಕೆ ಒಂದು ಡಿಗ್ರಿಯ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಸಮೀಪವಾಗಿ ತಣಿಯುತ್ತವೆ. ಆಗ ಅವೆಲ್ಲವೂ ಕೂಡಿ ಒಂದೇ ಅಲೆಯಂತೆ ವರ್ತಿಸುತ್ತವೆ. ಢಾಕಾ ವಿಶ್ವವಿದ್ಯಾನಿಲಯದ ಸತ್ಯೇಂದ್ರನಾಥ ಬೋಸರು 1924ರಲ್ಲಿ ಐನ್‌ಸ್ಟೈನರಿಗೆ ಕಳುಹಿಸಿದ ಲೇಖನದಿಂದ ಹುಟ್ಟಿದ ಈ ಕಲ್ಪನೆಯು 1995ರಲ್ಲಿ ಅಮೆರಿಕದ ಬೌಲ್ಡರ್ ನಗರದಲ್ಲಿ ಪ್ರತ್ಯಕ್ಷವಾಯಿತು.

2001ರಲ್ಲಿ ಜರ್ಮನಿಯ ಮ್ಯೂನಿಕ್ ಮತ್ತು ಟ್ಯೂಬಿಂಗೆನ್ ನಗರಗಳ ವಿದ್ವಾಂಸರು ಇದೇ ಕಾರ್ಯವನ್ನು ಚಿಪ್ ಎಂಬ ಸಣ್ಣ ಫಲಕದ ಮೇಲೆ ಸಾಧಿಸಿದರು. ಫಲಕದ ಮೇಲಣ ಸೂಕ್ಷ್ಮ ತಂತಿಗಳಲ್ಲಿ ವಿದ್ಯುತ್ತು ಹರಿಯುವಾಗ ಉಂಟಾಗುವ ಕಾಂತಕ್ಷೇತ್ರವೇ ಪರಮಾಣುಗಳಿಗೆ ತೊಟ್ಟಿಲು. ಅವು ಫಲಕವನ್ನು ಮುಟ್ಟದೆ, ನಿರ್ವಾತದಲ್ಲಿ ಅದರ ಪಕ್ಕದಲ್ಲೇ ತೇಲುತ್ತಿರುತ್ತವೆ.

ಆದರೆ ಒಂದು ತೊಡಕು ತಲೆದೋರಿತು. ಪರಮಾಣುಗಳನ್ನು ತಂತಿಗೆ ತೀರ ಹತ್ತಿರ ತಂದಾಗ, ನುಣುಪಾಗಿ ಹಬ್ಬಿಕೊಂಡಿರಬೇಕಾದ ಮೇಘವು ತುಂಡುತುಂಡಾಗಿ ಕಾಣಿಸಿತು. ಲೆಕ್ಕದ ಪ್ರಕಾರ ಹಾಗೆ ಆಗತಕ್ಕದ್ದಲ್ಲ. ಆ ವಿದ್ವಾಂಸರು ಅದನ್ನು ಮರೆಮಾಡಲಿಲ್ಲ. 2002ರಲ್ಲಿ ಕಂಡದ್ದನ್ನು ಕಂಡಂತೆಯೇ ಪ್ರಕಟಿಸಿದರು. ತಂತಿಯ ಅಂಚುಗಳು ಅತ್ಯಲ್ಪವಾಗಿ ಒರಟಾಗಿರುವುದರಿಂದ ವಿದ್ಯುತ್ತು ನೇರವಾಗಿ ಹರಿಯದೆ ಕೊಂಚ ಅತ್ತಿತ್ತ ಬಾಗುತ್ತದೆಂಬುದನ್ನು 2004ರಲ್ಲಿ ಫ್ರಾನ್ಸಿನ ಓರ್ಸೆಯವರು ತೋರಿಸಿದರು. ಮರುವರ್ಷ ಹೈಡೆಲ್‌ಬರ್ಗಿನವರು ಆ ದೋಷವನ್ನೇ ಸಾಧನವನ್ನಾಗಿ ಮಾಡಿಕೊಂಡರು. ಮೇಘವು ಎಲ್ಲಿ ದಟ್ಟವಾಗಿದೆ, ಎಲ್ಲಿ ತೆಳುವಾಗಿದೆಯೆಂದು ನೋಡಿ, ಭೂಮಿಯ ಕಾಂತಕ್ಷೇತ್ರದ ಸುಮಾರು ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ವ್ಯತ್ಯಾಸವನ್ನು, ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲಿನಷ್ಟು ಕಿರಿದಾದ ಸ್ಥಳದಲ್ಲಿ ಅಳೆದರು. ಯಾರಾದರೂ ಮೊದಲಲ್ಲಿಯೇ ‘ನುಣುಪಾಗಿತ್ತು’ ಎಂದು ಬರೆದಿದ್ದರೆ ಈ ಸಾಧನವು ಎಲ್ಲಿಂದ ಬರುತ್ತಿತ್ತು?

2016ರಲ್ಲಿ ಹ್ಯಾನೋವರಿನ ವಿದ್ವಾಂಸರು ಇಂಥ ಚಿಪ್ಪಿನಿಂದ ಪರಮಾಣುಗಳನ್ನು ಬೀಳಬಿಟ್ಟು ಗುರುತ್ವ ವೇಗೋತ್ಕರ್ಷವನ್ನು ಅಳೆದ ವಿವರವನ್ನು ಪ್ರಕಟಿಸಿದರು. ನಮ್ಮ ಬಾಲಿಕೆಯರು ದಾರಕ್ಕೆ ಗುಂಡನ್ನು ಕಟ್ಟಿ ಅಳೆಯುವುದೂ ಅದನ್ನೇ. ಸಾಧನಗಳೊಳಗೆ ಆಕಾಶಕ್ಕೂ ಭೂಮಿಗೂ ಇರುವಷ್ಟು ಅಂತರವಿದ್ದರೂ ನಿಯಮವು ಒಂದೇ: ಬಂದ ಅಂಕೆಯನ್ನು ಬರೆ, ಅದು ಎಷ್ಟು ತಪ್ಪಿರಬಹುದೆಂಬುದನ್ನೂ ಬರೆ.

ನಾನು ಇದನ್ನು ಮೇಲಿನ ಪೀಠದಿಂದ ಹೇಳುತ್ತಿಲ್ಲ. ವಿದ್ಯಾರ್ಥಿನಿಯಾಗಿದ್ದಾಗ ನಾನೂ ರಬ್ಬರಿನಿಂದ ಅಳಿಸಿ 9.8 ಎಂದು ಬರೆದವಳೇ. ಪೂರ್ಣ ಅಂಕಗಳನ್ನೂ ಪಡೆದೆನು. ಎಲ್ಲಿ ತಪ್ಪಿದೆನೆಂಬುದು ಮಾತ್ರ ಈವರೆಗೂ ನನಗೆ ತಿಳಿಯಲಿಲ್ಲ.

ಅಂಕಗಳಿಲ್ಲದೆ ಮುಂದಿನ ಓದಿಗೆ ಪ್ರವೇಶ ದೊರೆತೀತೇ ಎಂದು ಪೋಷಕರು ಕೇಳಬಹುದು. ಈ ಭಯವು ನಿರಾಧಾರವಾದುದಲ್ಲ. ಆದರೆ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರಾಗಿ ಸೇವೆ ಸಲ್ಲಿಸುತ್ತಿರುವ ಸೋದರಿಯರನ್ನು ಕೇಳಿ ನೋಡಿರಿ. ನಡುರಾತ್ರಿಯಲ್ಲಿ ರೋಗಿಯ ಜ್ವರವನ್ನು ನೋಡದೆ, ಇರಬೇಕಾದ ಅಂಕೆಯನ್ನು ಪಟ್ಟಿಯಲ್ಲಿ ತುಂಬಿಸುವವಳ ಕೈಗೆ ಅವರು ತಮ್ಮ ತಾಯಿಯನ್ನು ಒಪ್ಪಿಸುವರೇ? ಆ ಕೈ ಪಳಗುವುದು ಆಸ್ಪತ್ರೆಯಲ್ಲಲ್ಲ, ಶಾಲೆಯ ಪ್ರಯೋಗದ ಮೇಜಿನ ಬಳಿಯಲ್ಲಿ.

ಆದಕಾರಣ ನಮ್ಮ ಶಾಲೆಯ ಪ್ರಯೋಗದ ಪುಸ್ತಕಗಳಲ್ಲಿ ಇನ್ನು ಮುಂದೆ ರಬ್ಬರಿಗೆ ಅವಕಾಶವಿರುವುದಿಲ್ಲ. ತಪ್ಪಿದ್ದಕ್ಕೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಕಾರಣವನ್ನು ಬರೆಯತಕ್ಕದ್ದು. ಪೋಷಕರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ: ಮಗಳು ಮನೆಗೆ ಬಂದಾಗ ‘ಎಷ್ಟು ಅಂಕ ಬಂತು?’ ಎಂದು ಕೇಳುವುದಕ್ಕೆ ಮೊದಲು, ‘ನಿನಗೆ ಎಷ್ಟು ಬಂತು, ಏಕೆ ಹಾಗೆ ಬಂತು?’ ಎಂದು ಒಮ್ಮೆ ಕೇಳಿರಿ.