ಮಗುವಿನ ಪುಸ್ತಕದ ಅಂಕಿಗಳು

ಮಾರಿಕುಪ್ಪಂನಿಂದ ನಸುಕಿನಲ್ಲಿ ಹೊರಡುವ ರೈಲು ಚಾಂಪಿಯನ್, ಊರಿಗಾಂ, ಬಂಗಾರಪೇಟೆಗಳನ್ನು ದಾಟಿ ಬೆಂಗಳೂರಿಗೆ ಹೋಗುತ್ತದೆ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಕೋಲಾರ ಚಿನ್ನದ ಗಣಿಯ ಎಷ್ಟೋ ಸಂಸಾರಗಳು ಈ ರೈಲನ್ನೇ ನಂಬಿಕೊಂಡಿವೆ. ತಂದೆ ಹೊರಡುವಾಗ ಮಗು ಎದ್ದಿರುವುದಿಲ್ಲ, ಹಿಂದಿರುಗುವಾಗ ಮಲಗಿರುತ್ತದೆ. ಅಂತಹ ಮನೆಯ ಮಗುವಿಗೆ ಸಿಹಿಮೂತ್ರ ರೋಗ ತಗುಲಿದರೆ ಅದರ ಭಾರವೆಲ್ಲ ಮೊದಲು ತಾಯಿಯ ಮೇಲೆ, ಅನಂತರ ಮಗುವಿನ ಮೇಲೆಯೇ ಬೀಳುವುದು.

ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಬರುವ ಸಿಹಿಮೂತ್ರ ರೋಗವು ಮುದುಕರಲ್ಲಿ ಕಾಣುವಂತಹುದಲ್ಲ. ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕಣಗಳನ್ನು ನಾಶಮಾಡುತ್ತದೆ. ಇದು ಮಿಠಾಯಿ ತಿಂದುದರಿಂದ ಬಂದುದಲ್ಲ. ತಾಯಿ ಬಸಿರಿನಲ್ಲಿ ಪಥ್ಯ ತಪ್ಪಿದುದರಿಂದ ಬಂದುದೂ ಅಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ ಕೊಡುವವರೆಗೆ ಇಂತಹ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಈಗ ಬದುಕುತ್ತಾರೆ, ಓದುತ್ತಾರೆ, ಸಂಸಾರ ಹೂಡುತ್ತಾರೆ. ಆದರೆ ದಿನಕ್ಕೆ ಹಲವು ಬಾರಿ ಸೂಜಿ ಚುಚ್ಚಬೇಕು. ಬೆರಳ ತುದಿಯ ರಕ್ತವನ್ನು ಪರೀಕ್ಷಿಸಿ, ಸಕ್ಕರೆಯ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಬೇಕು.

ತೊಡಕು ಹುಟ್ಟುವುದು ಈ ಪುಸ್ತಕದಲ್ಲಿ. ಶಾಲೆ ಬಿಟ್ಟ ಮೇಲೆ ಗೆಳತಿಯರೊಡನೆ ಬಂಗಾರಪೇಟೆಯ ಪಾನಿಪುರಿ ಅಂಗಡಿಯ ಮುಂದೆ ನಿಂತ 12 ವರ್ಷದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಬಣ್ಣವಿಲ್ಲದ ತಿಳಿ ಪಾನಿಗೆ ಹೆಸರಾದ ಊರು ಅದು! ಎಲ್ಲರೂ ತಿಂದರು, ಅವಳೂ ತಿಂದಳು. ಸಂಜೆಯ ಅಂಕಿ 280. "ಏನೇ ತಿಂದೆ? ನಿಜ ಹೇಳು! ನಿಮ್ಮಪ್ಪ ಯಾರಿಗಾಗಿ ಇಷ್ಟು ದುಡಿಯುತ್ತಿದ್ದಾರೆ ಗೊತ್ತೆ?" ಎಂದು ತಾಯಿ ಗದರಿದಳು. ಅಂದಿನಿಂದ ಪುಸ್ತಕದ ತುಂಬ ಒಳ್ಳೆಯ ಅಂಕಿಗಳೇ: 130, 120, 125. ತಾಯಿಗೆ ಸಮಾಧಾನವಾಯಿತು. ಅವನ್ನು ನಂಬಿ ವೈದ್ಯರು ಇನ್ಸುಲಿನ್ನಿನ ಪ್ರಮಾಣವನ್ನು ಗೊತ್ತುಮಾಡಿದರೆ ಗತಿಯೇನು? ಹುಡುಗಿ ಸುಳ್ಳುಗಾತಿಯಲ್ಲ. ಮನೆಯವರು ಆ ಅಂಕಿಯನ್ನು ಶಾಲೆಯ ಅಂಕಪಟ್ಟಿಯಂತೆ ಓದಿದರು; ಅವಳು ತೇರ್ಗಡೆಯಾಗುವ ದಾರಿ ಹುಡುಕಿಕೊಂಡಳು, ಅಷ್ಟೆ.

ಸಕ್ಕರೆ ಏರುವುದಕ್ಕೆ ತಿಂಡಿಯೊಂದೇ ಕಾರಣವಲ್ಲ. ಜ್ವರ ಬಂದರೂ ಏರುತ್ತದೆ, ಮನಸ್ಸು ಕಳವಳಗೊಂಡರೂ ಏರಬಹುದು. ಮೈನೆರೆಯುವ ವಯಸ್ಸಿನಲ್ಲಂತೂ ಅದು ಯಾರ ಮಾತನ್ನೂ ಕೇಳದು. ಆದುದರಿಂದ "ಬಂದುದನ್ನು ಬರೆ ಮಗಳೇ, ಈಗ ಏನು ಮಾಡಬೇಕೋ ನೋಡೋಣ" ಎನ್ನುವ ತಾಯಿಯೇ ಜಾಣೆ. ಪಾನಿಪುರಿಯ ಆಸೆಯನ್ನೂ ವೈದ್ಯರ ಮುಂದೆ ಸಂಕೋಚವಿಲ್ಲದೆ ಹೇಳಲಿ. ಆಹಾರಕ್ಕೆ ತಕ್ಕಂತೆ ಔಷಧವನ್ನು ಹೊಂದಿಸುವ ಕ್ರಮವನ್ನು ಅವರು ಕಲಿಸಬಲ್ಲರು.

ಗೋಡೆಗೆ ಗೋಡೆ ತಾಗಿದ ಗಣಿಯ ಲೈನು ಮನೆಗಳಲ್ಲಿ ಗುಟ್ಟು ನಿಲ್ಲುವುದಿಲ್ಲ. "ಅಯ್ಯೋ ಪಾಪ, ಹೆಣ್ಣು ಕೂಸು! ಮುಂದೆ ಯಾರು ಕೈಹಿಡಿಯುತ್ತಾರೋ" ಎಂಬ ನೆರೆಯವರ ಮರುಕವು ಮಗುವಿನ ಕಿವಿಗೂ ಬೀಳುತ್ತದೆ. ಆ ಮರುಕಕ್ಕಿಂತ ಸೂಜಿಯೇ ವಾಸಿ. ನಾಚಿಕೆಯಿಂದ ಮಗು ಇನ್ಸುಲಿನ್ ತಪ್ಪಿಸಿದರೆ ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಂಡಾವು. ಆಗ ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಗು ಮಾತು ಬಿಟ್ಟು ಮೂಲೆ ಹಿಡಿದರೂ ಅಲಕ್ಷ್ಯ ಸಲ್ಲದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಸ್ಸಿಗೆಂದೇ ಪ್ರತ್ಯೇಕ ವಿಭಾಗವಿದೆ.

ಭಾನುವಾರ ರೈಲು ಹಿಡಿಯಬೇಕಾಗಿಲ್ಲದ ತಂದೆ ಅಂದಿನ ಚುಚ್ಚುಮದ್ದನ್ನು ತಾನೇ ಕೊಡಲಿ. ಪುಸ್ತಕದಲ್ಲಿ ಅಂಕಿಯನ್ನೂ ತಾನೇ ಬರೆಯಲಿ, ಇದ್ದುದನ್ನು ಇದ್ದಂತೆ.