ಉಳಿದ ಹಮಾಲರು ಏನಾದರು?

ನಮ್ಮ ತರಗತಿಯಲ್ಲಿ ಕೆಜಿಎಫ್‌ನ ರಾಕಿಗೆ ಅಭಿಮಾನಿಗಳು ಬಹಳ. ಬೂಟ್ ಪಾಲಿಶ್ ಹುಡುಗ ಡಾನ್ ಆಗುವ ಈ ಕಥೆಗೆ ಒಬ್ಬ ಹಿರಿಯಣ್ಣ ಇದ್ದಾನೆ: 1975ರ 'ದೀವಾರ್' ಚಿತ್ರದ ವಿಜಯ್. ಸಲೀಂ-ಜಾವೇದ್ ಬರೆದ ಚಿತ್ರ. ಕಳೆದ ರಜೆಯಲ್ಲಿ ಅಬ್ಬಾ ಜೊತೆ ಕೂತು ನೋಡಿದೆ.

ವಿಜಯ್ (ಅಮಿತಾಭ್ ಬಚ್ಚನ್) ಮುಂಬೈ ಬಂದರಿನ ಹಮಾಲ, ಬಿಲ್ಲೆ ನಂಬರ್ 786. ಆಮೇಲೆ ಚಿನ್ನದ ಕಳ್ಳಸಾಗಣೆದಾರ. ಆದರೂ ನಮ್ಮ ಮನಸ್ಸು ಅವನ ಕಡೆಗೇ. ಯಾಕಾಗಬಾರದು? ಕಾರ್ಮಿಕ ಮುಖಂಡನಾಗಿದ್ದ ತಂದೆ ಹೆಂಡತಿ ಮಕ್ಕಳ ಜೀವ ಉಳಿಸಲು ಮಾಲೀಕನ ಕಾಗದಕ್ಕೆ ಸಹಿ ಹಾಕಿದರು. ಆ ಸಿಟ್ಟಿಗೆ ಕೆಲವರು ಮಗನ ತೋಳಿನ ಮೇಲೆ ಅಪ್ಪ ಕಳ್ಳನೆಂದು ಹಚ್ಚೆ ಹಾಕಿದರು. ತಾಯಿ ಇಟ್ಟಿಗೆ ಹೊತ್ತು ಸಾಕಿದರು.

ನನ್ನ ತಕರಾರು ಬೇರೆ. ಬಂದರಿನಲ್ಲಿ ಗೂಂಡಾಗಳು ಹಮಾಲರಿಂದ ವಾರವಾರ ಹಫ್ತಾ ಕೀಳುತ್ತಾರೆ. ಕೊಡೆನೆಂದ ಒಬ್ಬ ಹುಡುಗ ಸಾಯುತ್ತಾನೆ. ವಿಜಯ್ ಗೋದಾಮಿನಲ್ಲಿ ಅವರನ್ನೆಲ್ಲ ಬಡಿಯುತ್ತಾನೆ. (ನಾನೂ ಚಪ್ಪಾಳೆ ತಟ್ಟಿದೆ.) ಆಮೇಲೆ ಸೂಟು ತೊಟ್ಟು ಹೋದವನು ತಾಯಿ ಇಟ್ಟಿಗೆ ಹೊತ್ತ ಕಟ್ಟಡವನ್ನೇ ಕೊಳ್ಳುತ್ತಾನೆ. ತಂದೆ ಕೈಬಿಟ್ಟ ಹೋರಾಟವನ್ನು ಮಗ ಮುಂದುವರಿಸಬಹುದಿತ್ತಲ್ಲ? ಎಲ್ಲರ ಬಡತನ ತೋರಿಸಿ ನಮ್ಮ ಕನಿಕರ ಗಳಿಸಿದ ಚಿತ್ರ, ಅದರಿಂದ ಪಾರಾಗುವ ದಾರಿಯನ್ನು ಒಬ್ಬನಿಗೆ ಮಾತ್ರ ಕೊಟ್ಟಿತು. ರಾಕಿಯ ಅಭಿಮಾನಿಗಳು ಬೈದುಕೊಳ್ಳಲಿ, ಇದು ನನಗೆ ಮೋಸವೆನಿಸುತ್ತದೆ.

ಅಬ್ಬಾ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುತ್ತಾರೆ. ಚಿತ್ರ ಮುಗಿದಾಗ ಎಲ್ಲರೂ ವಿಜಯ್ ಸತ್ತನೆಂದು ಬೇಸರದಲ್ಲಿದ್ದೆವು. ಅಬ್ಬಾ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು.

"ಅವನು ಹೋದಮೇಲೆ ಅಲ್ಲಿ ಹಫ್ತಾ ನಿಂತಿತಾ, ಇಲ್ವಾ? ಅದನ್ನ ಹೇಳಲೇ ಇಲ್ವಲ್ಲ," ಅಂದರು.